ದಿಬ್ಬ ಹತ್ತಿ ಇಳಿದರೆ ಸಾಲದು: ಫ್ರಾನ್ಸಿನ ಕಡಲಂಚಿನ ಪೈನ್ ಕಾಡಿಗೆ ಹೊರಟವರಿಗೆ

ರೂಮ್ ಬುಕ್ ಮಾಡುವ ಮೊದಲು ಫೋಟೊ ಯಾವ ವರ್ಷದ್ದು ಅಂತ ಕೇಳಿ. ಈ ಸಲಹೆ ದುಡ್ಡು ಕೊಟ್ಟು ಕಲಿತದ್ದು. ಕಡಲಂಚಿನ ಊರಾದ ಅರ್ಕಶೋನ್ ಕಡೆ ಸಿಕ್ಕ ಬಾಡಿಗೆ ಕೋಣೆಯ ಜಾಹೀರಾತಿನಲ್ಲಿ ಕಿಟಕಿಯಾಚೆ ಕತ್ತಲೆಗಟ್ಟುವಷ್ಟು ದಟ್ಟವಾದ ಪೈನ್ ಕಾಡಿತ್ತು. ಹೋಗಿ ಕಿಟಕಿ ತೆರೆದರೆ ಬೋಳು ಮರಳು, ಅಲ್ಲಲ್ಲಿ ಕರಿ ಬುಡಗಳು, ನಡುವೆ ಮೊಣಕಾಲೆತ್ತರ ಎದ್ದ ಜರಿಗಿಡ. ಬಾಡಿಗೆ ಮಾತ್ರ ‘ಕಾಡಿನ ನೋಟ’ದ್ದು, ರಾತ್ರಿಗೆ 140 ಯೂರೊ. ಆ ಕಾಡು ಸುಟ್ಟದ್ದು 2022ರ ಜುಲೈನಲ್ಲಿ. ಫೋಟೊ ಅದಕ್ಕೂ ಮುಂಚಿನದು. ಮಾಲೀಕರನ್ನು ಕೇಳಿದ್ದಕ್ಕೆ ‘ಕಾಡು ಮತ್ತೆ ಬರುತ್ತದೆ’ ಎಂಬ ಉತ್ತರ ಸಿಕ್ಕಿತು. ಬರುತ್ತದೆ, ನಿಜ. ಆದರೆ ಈಗ ಇಲ್ಲದ ಕಾಡಿಗೆ ಈಗಲೇ ಬಾಡಿಗೆ ಕೇಳುವುದು ನ್ಯಾಯವಲ್ಲ. ಹಾಗಾಗಿ ಉಳಿಯುವ ಜಾಗವನ್ನು ಇತ್ತೀಚಿನ ಉಪಗ್ರಹ ಚಿತ್ರದಲ್ಲಿ ಒಮ್ಮೆ ನೋಡಿ. ಸುಟ್ಟು ಕಡಿದ ಜಾಗ ಬೂದುಬಣ್ಣದ ದೊಡ್ಡ ತೇಪೆಯಾಗಿ ಕಾಣುತ್ತದೆ, ಗುರುತು ತಪ್ಪುವುದಿಲ್ಲ.

ಆದರೆ ಆ ತೇಪೆಯ ಹತ್ತಿರ ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಹೋಗಿ, ನೋಡಿ. ಬಾಡಿಗೆ ಮಾತ್ರ ಅದಕ್ಕೆ ತಕ್ಕಷ್ಟೇ ಕೊಡಿ.

ಈ ಸೀಮೆಯ ಹೆಸರು ಲಾಂದ್. ನೈರುತ್ಯ ಫ್ರಾನ್ಸಿನಲ್ಲಿ ಅಟ್ಲಾಂಟಿಕ್ ಕಡಲಿಗೆ ಆತು ಹತ್ತಿರ ಹತ್ತಿರ 10 ಲಕ್ಷ ಹೆಕ್ಟೇರು ಹಬ್ಬಿದ ಪೈನ್ ಕಾಡು. ತುಲೂಸ್‌ನಲ್ಲಿ ವಿಮಾನ ಉದ್ಯಮದ ಕೆಲಸಕ್ಕೆ ಬಂದು ನೆಲೆಸಿರುವ ನಮ್ಮವರಿಗೆ ಇದು ವಾರಾಂತ್ಯದ ದೂರ: ರೈಲಿನಲ್ಲಿ ಬೋರ್ಡೊಗೆ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಅರ್ಕಶೋನ್‌ಗೆ ಲೋಕಲ್ ರೈಲಿನಲ್ಲಿ ಐವತ್ತು ನಿಮಿಷದ ಆಸುಪಾಸು. ಪ್ಯಾರಿಸ್‌ನಿಂದ ಬರುವವರಿಗೂ ವೇಗದ ರೈಲಿನಲ್ಲಿ ಬೋರ್ಡೊ ಎರಡು ಗಂಟೆ ಚಿಲ್ಲರೆಯೇ. ಬರುವವರಲ್ಲಿ ಹೆಚ್ಚಿನವರು ಅರ್ಕಶೋನ್ ಬಳಿಯ ಪಿಲಾ ಮರಳು ದಿಬ್ಬ ಹತ್ತಿ, ಫೋಟೊ ತೆಗೆದು, ಐಸ್‌ಕ್ರೀಮ್ ತಿಂದು ಎರಡು ಗಂಟೆಯಲ್ಲಿ ವಾಪಸ್ ಹೊರಡುತ್ತಾರೆ. ದಿಬ್ಬದ ಬೆನ್ನ ಹಿಂದೆ ಏನಾಗುತ್ತಿದೆ ಅನ್ನುವುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಈ ಬರಹ ಬೆನ್ನ ಹಿಂದಿನದರ ಬಗ್ಗೆ. ಬೋರ್ಡೊ ನಗರ, ದ್ರಾಕ್ಷಿತೋಟ, ವೈನ್ ಬೇಕಾದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಮೊದಲು ದಿಬ್ಬದ ವಿಚಾರ ಮುಗಿಸೋಣ. ನೂರು ಮೀಟರಿಗೆ ತುಸು ಮೇಲೆ ಎತ್ತರ, ಮೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ಎತ್ತರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹತ್ತಲು ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ದುಡ್ಡು ಕೊಡಬೇಕು. ಸೀಸನ್‌ನಲ್ಲಿ ಉತ್ತರದ ತುದಿಯಲ್ಲಿ ಮೆಟ್ಟಿಲು ಹೂಡುತ್ತಾರೆ, ಚಳಿಗಾಲದಲ್ಲಿ ಬಿಚ್ಚಿಡುತ್ತಾರೆ. ಜನಜಂಗುಳಿ ಇರುವುದು ಮೆಟ್ಟಿಲಿನ ಸುತ್ತ ಮುನ್ನೂರು ಮೀಟರಿನೊಳಗೆ ಮಾತ್ರ. ದಿಬ್ಬದ ನೆತ್ತಿಯ ಏಣಿನ ಮೇಲೆ ದಕ್ಷಿಣಕ್ಕೆ ಅರ್ಧ ಗಂಟೆ ನಡೆದರೆ ಗಾಳಿಯ ಸದ್ದು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಮೇಲಿರಿ. ಬೇಸಿಗೆಯ ಮಧ್ಯಾಹ್ನ ಮರಳು ಅಂಗಾಲು ಸುಡುತ್ತದೆ, ಮೇಲೆ ನೆರಳಿಲ್ಲ, ನೀರಿಲ್ಲ. ತಲೆಗೆ ಒಂದೂವರೆ ಲೀಟರ್ ಇಟ್ಟುಕೊಳ್ಳಿ. ಶೂಗಿಂತ ಬರಿಗಾಲು ವಾಸಿ, ಚಪ್ಪಲಿ ಚೀಲದಲ್ಲಿರಲಿ.

ಮೇಲೆ ನಿಂತು ಎಲ್ಲರೂ ಕಡಲ ಕಡೆ ನೋಡುತ್ತಾರೆ. ನೀವು ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಿ. ಪಡುವಣ ಗಾಳಿ ಕಡಲ ಬದಿಯ ಓರೆಯ ಮೇಲೆ ಮರಳನ್ನು ಉರುಳಿಸಿಕೊಂಡು ಬಂದು ಏಣಿನಿಂದ ಈಚೆಗೆ ಸುರಿಯುತ್ತದೆ. ಸುರಿದದ್ದು ಕಡಿದಾದ ಇಳಿಜಾರಾಗಿ ಕಾಡಿನ ಮೇಲೆ ಕೂರುತ್ತದೆ. ಹೀಗೆ ದಿಬ್ಬ ವರ್ಷಕ್ಕೆ ಒಂದರಿಂದ ಐದು ಮೀಟರ್ ಪೂರ್ವಕ್ಕೆ ಸರಿಯುತ್ತಿದೆ. ಅಂಚಿನಲ್ಲಿರುವ ಪೈನ್ ಮೊದಲ ಕೆಲವು ವರ್ಷ ಬುಡ ಮುಚ್ಚಿದರೂ ತಾಳಿಕೊಳ್ಳುತ್ತದೆ. ಸೊಂಟದ ಮಟ್ಟ ದಾಟಿದ ಮೇಲೆ ಸೂಜಿಎಲೆ ಕಂದಾಗುತ್ತದೆ, ಆಮೇಲೆ ಬರೀ ತುದಿ ಮರಳಿನಿಂದ ಇಣುಕುತ್ತದೆ. ಒಂದೇ ಇಳಿಜಾರಿನಲ್ಲಿ ಈ ಹಂತಗಳೆಲ್ಲ ಸಾಲಾಗಿ ಸಿಗುತ್ತವೆ. ಈ ಕಡೆಯಿಂದ ಕಾಡಿಗೆ ಓಡಿ ಇಳಿಯುವ ಆಸೆ ಎಲ್ಲರಿಗೂ ಬರುತ್ತದೆ, ಇಳಿಯಬೇಡಿ. ಇಳಿಯಲು ಎರಡು ನಿಮಿಷ ಸಾಕು, ಅದೇ ಸಡಿಲು ಮರಳಿನಲ್ಲಿ ವಾಪಸ್ ಹತ್ತಲು ಮುಕ್ಕಾಲು ಗಂಟೆ ಬೇಕು. ಕೆಳಗಿನ ಕಾಡಿಗೂ ಅಲ್ಲಿಂದ ದಾರಿಯಿಲ್ಲ.

ಕಡಲ ಬದಿಗೆ ಮಾತ್ರ ಇಳಿಯಲೇಬೇಕು, ಅದೂ ಇಳಿತದ ಹೊತ್ತಿಗೆ. ಹಿಂದಿನ ರಾತ್ರಿ ಉಬ್ಬರವಿಳಿತದ ಪಟ್ಟಿ ನೋಡಿಕೊಳ್ಳಿ. ಪೂರ್ತಿ ಉಬ್ಬರದಲ್ಲಿ ದಿಬ್ಬದ ಬುಡದ ಹೊಯಿಗೆ ಕಿರಿದಾಗುತ್ತದೆ. ಅಲ್ಲಿ ನೋಡಬೇಕಾದ್ದು ದಿಬ್ಬದ ಹೊಟ್ಟೆಯಲ್ಲಿ ಅಡ್ಡಡ್ಡ ಓಡುವ ಕರಿ ಪಟ್ಟಿಗಳನ್ನು. ದೂರದಿಂದ ಯಾರೋ ಇದ್ದಿಲಿನಿಂದ ಗೆರೆ ಎಳೆದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಹಳೆಯ ಕಾಡಿನ ನೆಲ: ಕೊಳೆತ ಎಲೆ, ಬೇರು, ಇದ್ದಿಲು ಮರಳಿನೊಂದಿಗೆ ಬೆರೆತು ಒತ್ತಿಹೋದ ಗಟ್ಟಿ ಮಣ್ಣು. ಎಲ್ಲಕ್ಕಿಂತ ಕೆಳಗಿನ ಪದರ ಸುಮಾರು 4,000 ವರ್ಷದ ಹಿಂದಿನದು, ಯಾವಾಗಲೂ ಒದ್ದೆ. ಮಳೆನೀರು ಮರಳಿನಲ್ಲಿ ಇಳಿದು ಈ ಗಟ್ಟಿ ಪದರಕ್ಕೆ ತಾಗಿ ಪಕ್ಕಕ್ಕೆ ಒಸರುತ್ತದೆ, ಒಸರಿದ ಕಡೆ ಕಬ್ಬಿಣದ ತುಕ್ಕಿನ ಬಣ್ಣ. ಮೇಲಿನ ಪದರಗಳು ಕೆಲವೇ ಶತಮಾನದವು, ಅವುಗಳಲ್ಲಿ ಪೈನ್ ಬುಡಗಳು ನಿಂತಂತೆಯೇ ಸಿಗುತ್ತವೆ. ಅಂದರೆ ಇಲ್ಲಿ ಕಾಡು ಬಂದಿದೆ, ಮರಳಿನಡಿ ಹೂತಿದೆ, ಮರಳಿನ ಮೇಲೆ ಮತ್ತೆ ಕಾಡು ಬಂದಿದೆ, ಮತ್ತೆ ಹೂತಿದೆ. ಕೈಯಿಂದ ಕೆರೆಯಬೇಡಿ, ತುಂಡು ತರಬೇಡಿ. ಒಣಗಿದರೆ ಅದು ಪುಡಿಯಾಗುತ್ತದೆ.

ದಕ್ಷಿಣಕ್ಕೆ ಹೊಯಿಗೆಯಲ್ಲೇ ನಡೆದರೆ ಎರಡನೇ ಮಹಾಯುದ್ಧದ ಜರ್ಮನ್ ಕಾಂಕ್ರೀಟ್ ಬಂಕರ್‌ಗಳು ನೀರಂಚಿನಲ್ಲಿ ಓರೆಯಾಗಿ ಬಿದ್ದಿವೆ. ಕಟ್ಟಿದಾಗ ಅವು ಮೇಲೆ, ಮರಳಿನ ಮೇಲಿದ್ದವು. ದಿಬ್ಬ ಹಿಂದೆ ಸರಿಯಿತು, ಅವು ಮುಂದೆ ಉರುಳಿದವು. ಅವುಗಳ ಸುತ್ತ ಈಜಬೇಡಿ, ನೀರಿನಡಿ ಕಂಬಿಗಳಿವೆ. ಅರ್ಕಶೋನ್ ಕೊಲ್ಲಿಯ ಬಾಯಿಯ ಸೆಳೆತವೂ ಜೋರು.

ಈಗ ಕಾಡು. ಇನ್ನೂರು ವರ್ಷದ ಹಿಂದೆ ಇಲ್ಲಿ ಇಷ್ಟು ಕಾಡು ಇರಲಿಲ್ಲ ಅನ್ನುವುದನ್ನು ತಿಳಿದುಕೊಂಡು ಹೋದರೆ ನೋಟವೇ ಬೇರೆಯಾಗುತ್ತದೆ. ಕಡಲಂಚಿನಲ್ಲಿ ಅಲೆದಾಡುವ ಮರಳು, ಒಳನಾಡಿನಲ್ಲಿ ಚಳಿಗಾಲವೆಲ್ಲ ನೀರು ನಿಲ್ಲುವ ಬಯಲು. ನೀರು ನಿಲ್ಲುವುದಕ್ಕೆ ಕಾರಣ ಮರಳಿನಡಿ ಅರ್ಧ, ಒಂದು ಮೀಟರ್ ಆಳದಲ್ಲಿರುವ ‘ಆಲಿಯೋಸ್’ ಎಂಬ ಕಂದು ಗಟ್ಟಿಪದರ. ಕಬ್ಬಿಣ ಮತ್ತು ಕೊಳೆತ ಸಸ್ಯದ ಸತ್ವ ಮರಳನ್ನು ಅಂಟಿಸಿ ಕಲ್ಲಾಗಿಸಿದ್ದು ಅದು. ಚಳಿಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬೆಂಗಾಡು. ಅಲ್ಲಿನ ಕುರಿಗಾಹಿಗಳು ಒಂದು ಮೀಟರಿನಷ್ಟು ಎತ್ತರದ ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದದ್ದು ಆಟಕ್ಕಲ್ಲ. ಕಾಲು ಒದ್ದೆಯಾಗಬಾರದು, ದೂರದ ಕುರಿ ಕಾಣಬೇಕು. ಮೂರನೆಯ ಕೋಲೊಂದನ್ನು ಬೆನ್ನಿಗೆ ಆನಿಸಿ ಕೂತು ಹಾಗೇ ಉಣ್ಣೆ ಹೆಣೆಯುತ್ತಿದ್ದರು.

ಮರಳು ಕಟ್ಟಿಹಾಕುವ ಕೆಲಸ ದೊಡ್ಡದಾಗಿ ಶುರುವಾದದ್ದು 1780ರ ದಶಕದ ಕೊನೆಗೆ, ದಿಬ್ಬದ ಪಕ್ಕದ ಲಾ ತೆಸ್ತ್ ಊರಿನ ಬಳಿ, ಬ್ರೆಮೊಂತಿಯೆ ಎಂಬ ಎಂಜಿನಿಯರ್ ಕೈಯಲ್ಲಿ. ಅದಕ್ಕೂ ಮೊದಲು ಸ್ಥಳೀಯರು ಪ್ರಯತ್ನಪಟ್ಟಿದ್ದರು, ಹೆಸರು ಮಾತ್ರ ಇವರದು ಉಳಿಯಿತು. ವಿಧಾನ ಸರಳ, ದುಡಿಮೆ ವಿಪರೀತ. ಪೈನ್ ಬೀಜದ ಜೊತೆ ಹಳದಿ ಹೂವಿನ ಬ್ರೂಮ್ ಮತ್ತು ಗಾರ್ಸ್ ಬೀಜ ಬೆರೆಸಿ ಮರಳಿನ ಮೇಲೆ ಎರಚುವುದು (ಊಟಿ ಬೆಟ್ಟಗಳಲ್ಲಿ ಈಗ ಕಳೆಯಾಗಿ ಹಬ್ಬಿರುವುದು ಇದೇ ಪೊದೆಗಳು). ಮೇಲೆ ಕೊಂಬೆರೆಂಬೆಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರುವಂತೆ ಹಾಸಿ, ಹಾರಿಹೋಗದಂತೆ ಸಲಿಕೆ ಸಲಿಕೆ ಮರಳು ಹೇರುವುದು. ಬ್ರೂಮ್ ಬೇಗ ಎದ್ದು ಗಾಳಿ ತಡೆಯುತ್ತದೆ, ಅದರ ಮರೆಯಲ್ಲಿ ಪೈನ್ ನಿಧಾನ ಬೇರೂರುತ್ತದೆ. ಕಡಲಿಗೆ ತೀರಾ ಹತ್ತಿರ ಹಲಗೆಗಳ ಬೇಲಿ ನೆಟ್ಟು, ಮರಳು ಬೇಲಿಯ ತಲೆ ಮುಟ್ಟಿದಾಗ ಹಲಗೆ ಮೇಲೆಳೆದು, ಮತ್ತೆ ಮರಳು ಕೂಡಿಸಿ, ಕೊನೆಗೆ ‘ಗೂರ್ಬೆ’ ಹುಲ್ಲು ನೆಡುತ್ತಿದ್ದರು. ಇಂದಿಗೂ ಕಡಲಂಚಿನ ಮೊದಲ ದಿಣ್ಣೆ ನಿಂತಿರುವುದು ಆ ಹುಲ್ಲಿನ ಬಲದಿಂದ. ಹಗ್ಗ ಕಟ್ಟಿದ ಕಡೆ ದಾಟಬೇಡಿ ಅನ್ನುವುದು ಅದಕ್ಕೇ. ಒಂದೇ ಕಾಲುದಾರಿ ಸವೆದರೆ ಸಾಕು, ಗಾಳಿ ಅದನ್ನೇ ಕೊರೆದು ದೊಡ್ಡ ಕಂದಕ ಮಾಡುತ್ತದೆ. ಹೊನ್ನಾವರದ ಕಾಸರಕೋಡಿನ ಗಾಳಿಮರದ ತೋಪು ನೋಡಿದವರಿಗೆ ಈ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಮರ ಬೇರೆ, ಮರಳಿನ ಹಟ ಒಂದೇ.

ಒಳನಾಡಿನ ಕಥೆ ಬದಲಾದದ್ದು 1857ರ ಕಾನೂನಿನಿಂದ. ಮೂರನೇ ನೆಪೋಲಿಯನ್ ಆಳ್ವಿಕೆಯಲ್ಲಿ ಹಳ್ಳಿ ಪಂಚಾಯಿತಿಗಳು ತಮ್ಮ ಗೋಮಾಳದಂಥ ಬಯಲನ್ನು ಕಾಲುವೆ ತೋಡಿ ಬಸಿದು ಪೈನ್ ನೆಡಬೇಕು ಎಂದಾಯಿತು. ಖರ್ಚು ತಾಳದ ಹಳ್ಳಿಗಳು ನೆಲ ಮಾರಿದವು. ಕುರಿಗಾಹಿಗಳ ಮೇವು ಹೋಯಿತು. ಇವತ್ತು ಈ ಕಾಡಿನ ಹತ್ತರಲ್ಲಿ ಒಂಬತ್ತು ಪಾಲು ಖಾಸಗಿ. ಅದಕ್ಕೇ ಎಲ್ಲೆಂದರಲ್ಲಿ ಒಳಗೆ ನುಗ್ಗಬೇಡಿ. ಕಾಡು ಅಂದ ಕೂಡಲೆ ಸರ್ಕಾರದ್ದು ಅಂದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಹೊಂದುವುದಿಲ್ಲ.

ಈ ಬದಲಾವಣೆಯನ್ನು ಕಣ್ಣಾರೆ ನೋಡಲು ಸಾಬ್ರ್ ಊರಿನ ಬಳಿಯ ಮಾರ್ಕೆಜ್‌ಗೆ ಹೋಗಿ. ಹತ್ತೊಂಬತ್ತನೇ ಶತಮಾನದ ಒಂದು ಹಳ್ಳಿಯನ್ನು ಇದ್ದ ಜಾಗದಲ್ಲೇ ಉಳಿಸಿಕೊಂಡ ವಸ್ತುಸಂಗ್ರಹಾಲಯ ಅದು. ಸಾಬ್ರ್‌ನಿಂದ ಹಳೆಯ ಪುಟ್ಟ ರೈಲಿನಲ್ಲಿ ಒಳಗೆ ಕರೆದೊಯ್ಯುತ್ತಾರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ವಾಪಸ್ ಬರುವ ಕೊನೆಯ ರೈಲು ಎಷ್ಟಕ್ಕೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಓಕ್ ಮರಗಳ ನಡುವೆ ಬೇಲಿಯಿಲ್ಲದ ಹುಲ್ಲಂಗಳ, ಅದರಲ್ಲಿ ಚದುರಿದ ಮನೆ, ಕುರಿದೊಡ್ಡಿ, ಗಿರಣಿ. ಕುರಿ ಸಾಕುತ್ತಿದ್ದದ್ದು ಮುಖ್ಯವಾಗಿ ಗೊಬ್ಬರಕ್ಕೆ. ಆ ಗೊಬ್ಬರವಿಲ್ಲದೆ ಮರಳಿನಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಿರಲಿಲ್ಲ.

ರಾಳ ತೆಗೆಯುವುದನ್ನು ತೋರಿಸಿದರೆ ನಿಂತು ನೋಡಿ. ಚಳಿ ಮುಗಿಯುವ ಹೊತ್ತಿಗೆ ಮರದ ಒರಟು ತೊಗಟೆಯನ್ನು ಒಂದು ಕಡೆ ತೆಳ್ಳಗೆ ಹೆರೆಯುತ್ತಾರೆ. ಮಾರ್ಚ್‌ನಲ್ಲಿ ‘ಹಪ್ಶೋ’ ಎಂಬ ಬಾಗಿದ ಬಾಯಿಯ ಸಣ್ಣ ಕೊಡಲಿಯಿಂದ ಒಂಬತ್ತು ಸೆಂಟಿಮೀಟರಿನಷ್ಟು ಅಗಲದ, ಸೆಂಟಿಮೀಟರಿನಷ್ಟು ಆಳದ ಗಾಯ. ಗಾಯ ಬೇಗ ಕಟ್ಟಿಕೊಳ್ಳುವುದರಿಂದ ವಾರಕ್ಕೊಮ್ಮೆ ಅದರ ಮೇಲಂಚನ್ನು ತುಸು ತುಸು ಕೆತ್ತಿ ಹಸಿ ಮಾಡಬೇಕು. ಹೀಗೆ ಶರತ್ಕಾಲದವರೆಗೆ. ಗಾಯ ವರ್ಷಕ್ಕೆ ಅರ್ಧ ಮೀಟರಿಗೂ ಮೇಲೆ ಏರುತ್ತದೆ, ನಾಲ್ಕೈದು ವರ್ಷಕ್ಕೆ ಆಳೆತ್ತರ ದಾಟಿದ ಮೇಲೆ ಪಕ್ಕದಲ್ಲಿ ಹೊಸದು. ಮೊದಲು ರಾಳ ಬುಡದ ಗುಂಡಿಗೆ ಇಳಿದು ಮರಳು, ಕಸದೊಂದಿಗೆ ಬೆರೆಯುತ್ತಿತ್ತು. ಪಿಯೆರ್ ಯೂಗ್ ಎಂಬಾತ 1844ರಲ್ಲಿ ಪೇಟೆಂಟ್ ಮಾಡಿಸಿದ ಮಣ್ಣಿನ ಕುಂಡ, ಗಾಯದ ಕೆಳಗೆ ಮೊಳೆಗೆ ಸಿಕ್ಕಿಸಿ ಗಾಯದೊಂದಿಗೇ ಮೇಲೆ ಸರಿಸುವಂಥದ್ದು, ಆ ನಷ್ಟ ತಪ್ಪಿಸಿತು. ಒಂದು ಮರದಿಂದ ವರ್ಷಕ್ಕೆ ಒಂದೂವರೆ, ಎರಡು ಲೀಟರ್. ಬಟ್ಟಿ ಇಳಿಸಿದರೆ ಟರ್ಪೆಂಟೈನ್, ಉಳಿದದ್ದು ಪಿಟೀಲಿನ ಕಮಾನಿಗೆ ಉಜ್ಜುವ ಗಟ್ಟಿ ರಾಳ. ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 65ರವರೆಗೆ, ಅಲ್ಲಿನ ರಾಳ ನಿಂತುಹೋಗಿ ಇಲ್ಲಿನದಕ್ಕೆ ಚಿನ್ನದ ಬೆಲೆ ಬಂತು. 1990ರ ಹೊತ್ತಿಗೆ ಕಸುಬು ನಿಂತಿತು. ಹಳೆಯ ಮರಗಳಲ್ಲಿ ಗಾಯದ ಎರಡೂ ಬದಿಗೆ ತೊಗಟೆ ದಪ್ಪ ತುಟಿಯಂತೆ ಉಬ್ಬಿರುತ್ತದೆ, ಬೆರಳಿಟ್ಟರೆ ಒಳಗಿನ ಒಣ ಮರ ಗಾಜಿನಷ್ಟು ನುಣುಪು.

ಸಾಬ್ರ್ ಕಡೆಗೆ ಕಾರು ಬೇಕೇ ಬೇಕು. ರೈಲ್ವೆ ಸ್ಟೇಷನ್ನಿನಿಂದ ಕಡಲಿನತ್ತ ಹೋಗುವ ಹಳ್ಳಿ ಬಸ್ಸುಗಳ ಮೇಲೆ ದಿನದ ಲೆಕ್ಕ ಹಾಕಬೇಡಿ. ಮೇ ತಿಂಗಳಲ್ಲಿ ಹತ್ತಿದ ಒಂದು ಬಸ್ಸು ಕಡಲ ಹೆಸರಿನ ಬೋರ್ಡ್ ಹಾಕಿಕೊಂಡಿದ್ದರೂ ಊರ ಚೌಕದಲ್ಲೇ ಎಲ್ಲರನ್ನೂ ಇಳಿಸಿತು. ಕಡಲಿನವರೆಗೆ ಹೋಗುವುದು ಜುಲೈ, ಆಗಸ್ಟ್‌ನಲ್ಲಿ ಮಾತ್ರವಂತೆ, ಅದು ವೇಳಾಪಟ್ಟಿಯ ಅಡಿಟಿಪ್ಪಣಿಯಲ್ಲಿತ್ತು. ಉಳಿದ ಒಂಬತ್ತು ಕಿಲೋಮೀಟರ್ ಬಿಸಿಲಲ್ಲಿ ನಡಿಗೆ, ಎರಡೂ ಕಡೆ ಬೇಲಿ ಹಾಕಿದ ಖಾಸಗಿ ಪೈನ್ ತೋಟ, ಕೂರಲು ಒಂದು ಕಲ್ಲಿಲ್ಲ. ವೇಳಾಪಟ್ಟಿಯಲ್ಲಿ ಶಾಲಾ ದಿನ, ರಜಾ ದಿನ, ಬೇಸಿಗೆ ಅಂತ ಮೂರು ಬೇರೆ ಬೇರೆ ಕಾಲಂ ಇರುತ್ತವೆ. ನಿಮ್ಮ ದಿನ ಯಾವ ಕಾಲಂನದು ಅಂತ ನೋಡಿ, ಚಾಲಕರಿಗೆ ಇಳಿಯುವ ನಿಲ್ದಾಣದ ಹೆಸರು ತೋರಿಸಿ ಆಮೇಲೆ ಹತ್ತಿ. ಅರ್ಕಶೋನ್‌ನಿಂದ ದಿಬ್ಬಕ್ಕೆ ಬಸ್ಸಿಗಿಂತ ಸೈಕಲ್ಲೇ ಮೇಲು: ಹತ್ತು ಕಿಲೋಮೀಟರಿನ ಆಸುಪಾಸು, ಬಾಡಿಗೆ ಅಂಗಡಿಗಳು ಊರಿನಲ್ಲೇ ಇವೆ. ಆಗಸ್ಟ್‌ನಲ್ಲಿ ಕಾರುಗಳ ಸಾಲು ಕದಲದೆ ನಿಂತಿರುವಾಗ ಸೈಕಲ್ಲಿನವರು ಪಕ್ಕದಲ್ಲೇ ಹಾದುಹೋಗುತ್ತಾರೆ.

ಊಟದ ವಿಷಯ ಮನಸಾರೆ ಬರೆಯಬೇಕು. ಕಡಲಂಚಿನ ಹೋಟೆಲುಗಳಲ್ಲಿ ಒಂದು ಸಪ್ಪೆ ಸಲಾಡ್‌ಗೆ 20 ಯೂರೊ ತೆಗೆದುಕೊಳ್ಳುತ್ತಾರೆ. ಒಳನಾಡಿನ ಹಳ್ಳಿಗಳಲ್ಲಿ ಮಧ್ಯಾಹ್ನ ಮಾತ್ರ ‘ಮೆನ್ಯು ಉವ್ರಿಯೆ’ ಅಂತ ಬೋರ್ಡ್ ಇರುತ್ತದೆ, ಅಂದರೆ ಕೆಲಸಗಾರರ ಊಟ. ಹೊರಗೆ ದಿಮ್ಮಿ ಹೊತ್ತ ಲಾರಿ ಎರಡು ಮೂರು ನಿಂತಿದ್ದರೆ ಕಣ್ಣುಮುಚ್ಚಿ ಒಳಗೆ ಹೋಗಿ. ಸಾಬ್ರ್ ದಾರಿಯ ಒಂದು ಹಳ್ಳಿಯಲ್ಲಿ 16 ಯೂರೊಗೆ ಸಿಕ್ಕಿದ್ದು ಇಷ್ಟು: ಮೊದಲು ಬಿಸಿ ತರಕಾರಿ ಸಾರು, ಪಾತ್ರೆ ಮೇಜಿನ ಮೇಲೇ ಇಟ್ಟು ಹೋಗುತ್ತಾರೆ, ಬೇಕಾದಷ್ಟು ಬಡಿಸಿಕೊಳ್ಳಬಹುದು. ಆಮೇಲೆ ನಾವೇ ಎದ್ದು ಹಾಕಿಕೊಳ್ಳುವ ತಣ್ಣನೆಯ ಸಾಲು: ತುರಿದ ಕ್ಯಾರೆಟ್, ಬೆಂದ ಬೀಟ್‌ರೂಟ್, ಆಲೂಗಡ್ಡೆ, ಟೊಮೆಟೊ, ಮೊಟ್ಟೆ. ಆಮೇಲೆ ಮುಖ್ಯ ತಿನಿಸು, ಚೀಸ್, ಕಿತ್ತಳೆ ಹೂವಿನ ಪರಿಮಳದ ‘ಪಾಸ್ತಿಸ್ ಲಾಂದೆ’ ಎಂಬ ಮೆತ್ತನೆಯ ಸಿಹಿ ಬ್ರೆಡ್ಡಿನ ತುಂಡು, ಕಾಫಿ. ಬ್ರೆಡ್ ಬುಟ್ಟಿ ಖಾಲಿಯಾದಂತೆಲ್ಲ ತುಂಬುತ್ತದೆ. ಸಸ್ಯಾಹಾರಿಗಳು ಕೂರುವ ಮೊದಲೇ ‘ಸಾಂ ವ್ಯಾಂದ್, ಸಾಂ ಪ್ವಾಸೋಂ’ ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ. ಮೊಟ್ಟೆ ತಿನ್ನುವವರಿಗೆ ಅಣಬೆ ಆಮ್ಲೆಟ್ ಮಾಡಿಕೊಡುತ್ತಾರೆ. ಕಾಳಿನ ಸಲಾಡ್‌ನಲ್ಲಿ ಹಂದಿಮಾಂಸದ ಚೂರು ಇರುವುದುಂಟು, ಸಾರು ಮಾಂಸದ ನೀರಿನಲ್ಲಿ ಬೆಂದಿರಬಹುದು, ಕೇಳಿಯೇ ಹಾಕಿಕೊಳ್ಳಿ. 12 ಗಂಟೆಗೆ ಸರಿಯಾಗಿ ಹೋಗಿ. ಒಂದು ಗಂಟೆಯ ನಂತರ ಹೋದರೆ ಅಡುಗೆಯವರಿಗೆ ಬೇರೆ ಮಾಡುವ ವ್ಯವಧಾನ ಇರುವುದಿಲ್ಲ, ಒಂದೂವರೆಗೆ ಮುಗಿಯಿತು. ನಾಲ್ಕು ಜನ ಕೂರುವ ಮೇಜಿನಲ್ಲಿ ಜಾಗವಿದ್ದ ಕಡೆ ಕೂರಿಸುತ್ತಾರೆ. ಎದುರಿಗೆ ಮರ ಕಡಿಯುವ ಯಂತ್ರ ಓಡಿಸುವವರೇ ಇರುತ್ತಾರೆ. ಯಾವ ಕಾಡಿನಲ್ಲಿ ಕೆಲಸ ನಡೆದಿದೆ, ಯಾವ ದಾರಿ ಮುಚ್ಚಿದೆ ಅನ್ನುವುದು ಪ್ರವಾಸಿ ಕಚೇರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಬೆಂಕಿಯ ವಿಷಯಕ್ಕೆ ಬರುತ್ತೇನೆ, ಯೋಜನೆ ತಲೆಕೆಳಗಾಗುವುದು ಅದರಿಂದಲೇ. 2022ರ ಜುಲೈ 12ರ ಮಧ್ಯಾಹ್ನ ದಿಬ್ಬದ ಹಿಂದಿನ ಕಾಡುದಾರಿಯಲ್ಲಿ ಕೆಟ್ಟು ನಿಂತ ಒಂದು ವ್ಯಾನಿನಿಂದ ಹತ್ತಿದ ಬೆಂಕಿ ಲಾ ತೆಸ್ತ್‌ನ ಸುಮಾರು 5,700 ಹೆಕ್ಟೇರು ಸುಟ್ಟಿತು. ದಿಬ್ಬದ ಬುಡದ ಐದು ಕ್ಯಾಂಪಿಂಗ್ ತಾಣಗಳಿಂದ ಸುಮಾರು ಆರು ಸಾವಿರ ಜನರನ್ನು ರಾತ್ರೋರಾತ್ರಿ ಖಾಲಿ ಮಾಡಿಸಿದರು. ಅದೇ ದಿನ ಒಳನಾಡಿನ ಲಾಂದಿರಾಸ್‌ನಲ್ಲಿ ಹತ್ತಿದ ಇನ್ನೊಂದು ಬೆಂಕಿ 12,000 ಹೆಕ್ಟೇರಿಗೂ ಮೇಲೆ ತಿಂದಿತು, ಆಗಸ್ಟ್‌ನಲ್ಲಿ ಮತ್ತೆ ಎದ್ದು 7,000ಕ್ಕೂ ಹೆಚ್ಚು.

ಲಾ ತೆಸ್ತ್ ಕಾಡು ಲಾಂದ್‌ನ ಉಳಿದ ಕಾಡಿನಂತಲ್ಲ. ಅದು ಯಾರೂ ಸಾಲಿಟ್ಟು ನೆಟ್ಟದ್ದಲ್ಲ, ಹಳೆಯ ದಿಣ್ಣೆಗಳ ಮೇಲೆ ತಾನಾಗಿ ಬೆಳೆದದ್ದು: ಪೈನ್, ಓಕ್, ಕೆಂಪು ಹಣ್ಣಿನ ಅರ್ಬೂಸ್. 1468ರ ಒಪ್ಪಂದದಿಂದ ಊರಿನವರಿಗೆ ಅಲ್ಲಿ ಸೌದೆ ಮತ್ತು ಮನೆಕಟ್ಟಡದ ಮರದ ಹಕ್ಕಿದೆ, ನೆಲ ಮಾತ್ರ ಬೇರೆಯವರದು. ಯಾರೂ ಒಟ್ಟಾಗಿ ಕಡಿದು ಮಾರುವಂತಿಲ್ಲದ್ದರಿಂದ ಶತಮಾನಗಳ ಕಾಲ ರಾಳ ಕೊಟ್ಟು ಬುಡ ಬಾಟಲಿಯಂತೆ ಉಬ್ಬಿದ ಮರಗಳು ಉಳಿದಿದ್ದವು. ಬೆಂಕಿ ಬಂದಾಗ ಅದೇ ಕಷ್ಟವಾಯಿತು. ಕಡಿದಾದ ದಿಣ್ಣೆ, ಕಿರಿದಾದ ದಾರಿ, ದಟ್ಟ ಕೆಳಗಿಡ. ಅಗ್ನಿಶಾಮಕ ವಾಹನ ಒಳಗೆ ಹೋಗಲಾಗಲಿಲ್ಲ. ಬೆಂಕಿಯ ನಂತರ ತೊಗಟೆ ಹುಳ ಎದ್ದು ಅರೆಸುಟ್ಟ ಮರಗಳಿಗೆ ಹತ್ತಿತು, ಹುಳ ಹರಡದಂತೆ ಮರ ಕಡಿಯಬೇಕೆಂದು ಒಂದು ಕಡೆಯವರು, ತಾನಾಗಿ ಚಿಗುರಲು ಬಿಡಿ ಎಂದು ಇನ್ನೊಂದು ಕಡೆಯವರು. ಹಕ್ಕಿನ ಜಗಳಕ್ಕೆ ಐನೂರು ವರ್ಷದ ಬೇರಿರುವಾಗ ಇದು ಬೇಗ ಮುಗಿಯುವುದಿಲ್ಲ. ಆದರೆ ಆ ಬಾಟಲಿ ಮರಗಳು ಹೋದದ್ದು ಮಾತ್ರ ನಿಜವಾದ ನಷ್ಟ. ನೆಟ್ಟ ಪೈನ್ ನಲವತ್ತೈವತ್ತು ವರ್ಷಕ್ಕೆ ಮತ್ತೆ ಕಟಾವಿಗೆ ಬರುತ್ತದೆ, ಅಂಥ ಮರ ಇನ್ನಾರ ಕಾಲಕ್ಕೂ ಇಲ್ಲ.

ನೆಟ್ಟ ಕಾಡಿನ ದಾರಿಗಳು ನೇರವಾಗಿ, ಅಗಲವಾಗಿ ಇರುವುದಕ್ಕೆ 1949ರ ಆಗಸ್ಟ್ ಕಾರಣ. ಆಗಿನ ಬೆಂಕಿಯಲ್ಲಿ 82 ಜನ ಸತ್ತರು, ಸುಮಾರು 50,000 ಹೆಕ್ಟೇರು ಹೋಯಿತು. ದಾರಿ, ಕಾಲುವೆ, ನೀರಿನ ತೊಟ್ಟಿಗಳ ಜಾಲ ದಟ್ಟವಾದದ್ದು ಆಮೇಲೆ. ‘ಡಿಎಫ್‌ಸಿಐ’ ಅಂತ ಬರೆದ ಫಲಕ ಇರುವುದು ಅಗ್ನಿಶಾಮಕ ದಾರಿಗೆ. ಅದರ ಬಾಯಿಗೆ ಕಾರು ನಿಲ್ಲಿಸಬೇಡಿ, ಐದು ನಿಮಿಷಕ್ಕೂ ಬೇಡ. ಬೇಸಿಗೆಯಲ್ಲಿ ಜಿಲ್ಲಾಡಳಿತ ದಿನದಿನಕ್ಕೆ ಅಪಾಯದ ಬಣ್ಣ ಪ್ರಕಟಿಸುತ್ತದೆ. ಕಿತ್ತಳೆ ಬಂದರೆ ಮಧ್ಯಾಹ್ನದ ಮೇಲೆ ಕಾಡಿಗೆ ಪ್ರವೇಶ ನಿರ್ಬಂಧ, ಇನ್ನೂ ಮೇಲೇರಿದರೆ ಅದಕ್ಕೂ ಬಿಗಿ. ಹಿಂದಿನ ಸಂಜೆಯೇ ನೋಡಿಕೊಳ್ಳಿ. ಕಾಡಿನ ನಡಿಗೆ ಬೆಳಿಗ್ಗೆಗೆ, ವಸ್ತುಸಂಗ್ರಹಾಲಯ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ದಿನ ಕೆಡುವುದಿಲ್ಲ. ಸಿಗರೇಟು, ಗ್ಯಾಸ್ ಒಲೆ ಕಾಡಿನ ಹತ್ತಿರವೂ ಬೇಡ.

ಓಸ್ತೆನ್ಸ್ ಕೆರೆಗಳನ್ನು ಬಿಡಬೇಡಿ, ಬೋರ್ಡೊದಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆಯೊಳಗೆ. ಅವು 1933ರಿಂದ 1964ರವರೆಗೆ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ತೋಡಿದ ಗುಂಡಿಗಳು, ಆಮೇಲೆ ನೀರು ತುಂಬಿ ಕೆರೆಯಾದವು. ಲಾಂದಿರಾಸ್ ಬೆಂಕಿ ಇಲ್ಲಿಗೆ ಬಂದು ಮೇಲಿನದನ್ನು ಸುಟ್ಟು, ನೆಲದಡಿಯ ಲಿಗ್ನೈಟಿಗೂ ತಗುಲಿತು. ಅದು ಒಂದು ವರ್ಷಕ್ಕೂ ಹೆಚ್ಚು ಒಳಗೊಳಗೇ ಬೂದಿಯಾಗುತ್ತಿತ್ತು. ಅಲ್ಲಿ ಮುಚ್ಚಿದ ದಾರಿ ಮುಚ್ಚಿಯೇ ಇರಲಿ. ಒಳಗೆ ಸುಟ್ಟು ಟೊಳ್ಳಾದ ನೆಲ ಮೇಲಿನಿಂದ ಗೊತ್ತಾಗುವುದಿಲ್ಲ.

ಗಾಳಿಯ ಗುರುತುಗಳೂ ಸಿಗುತ್ತವೆ. 2009ರ ಜನವರಿ 24ರ ಕ್ಲಾಸ್ ಬಿರುಗಾಳಿ ಇಲ್ಲಿ ಬೀಳಿಸಿದ ಪೈನ್ ಎಷ್ಟೆಂದರೆ ದಿಮ್ಮಿ ಕೊಳೆಯದಂತೆ ರಾಶಿ ಹಾಕಿ ವರ್ಷಗಟ್ಟಲೆ ನೀರು ಚಿಮುಕಿಸುತ್ತ ಇಟ್ಟುಕೊಂಡರು. ಮರಗಳು ಹೀಗೆ ಬೀಳಲು ಕಾರಣ ಮತ್ತೆ ಅದೇ ಆಲಿಯೋಸ್: ತಾಯಿಬೇರು ಆಳಕ್ಕಿಳಿಯದೆ ತಟ್ಟೆಯಂತೆ ಹರಡುತ್ತದೆ. ಬಿದ್ದ ಮರದ ಬುಡ ಸಿಕ್ಕರೆ ಬೇರು ಗೋಡೆಗೆ ತಾಗಿದ ಹಾಗೆ ಮಡಚಿರುವುದನ್ನು ನೋಡಬಹುದು.

ಯಾವಾಗ ಹೋಗಬೇಕು? ಮೇ ಕೊನೆಯಿಂದ ಜೂನ್ ನಡುವೆ, ಅಥವಾ ಸೆಪ್ಟೆಂಬರ್. ಚಳಿಗಾಲದ ಕೊನೆಗೆ ಹೋದರೆ ಪೈನ್ ಮೇಲೆ ಬಿಳಿ ಹತ್ತಿಯಂಥ ಗೂಡು ಕಾಣುತ್ತದೆ. ಅದರಿಂದ ಇಳಿದು ಒಂದರ ಹಿಂದೊಂದು ಸಾಲಾಗಿ ಹೋಗುವ ಕಂಬಳಿಹುಳದ ಕೂದಲು ಗಾಳಿಯಲ್ಲೂ ಹಾರಿ ಚರ್ಮ, ಕಣ್ಣು ಉರಿಸುತ್ತದೆ, ಮಕ್ಕಳನ್ನು ದೂರವಿಡಿ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಕಾಡುಪಾರಿವಾಳದ ಬೇಟೆ ಕಾಲ. ಜರಿಗಿಡ ಹೊದಿಸಿದ ಸುರಂಗದಂಥ ಗೂಡುಗಳಲ್ಲಿ ಬೇಟೆಗಾರರು ಸದ್ದಿಲ್ಲದೆ ಕೂತಿರುತ್ತಾರೆ, ‘ಪಲೋಂಬಿಯೇರ್’ ಎಂಬ ಫಲಕ ಕಂಡರೆ ಬೇರೆ ದಾರಿ ಹಿಡಿಯಿರಿ. ಜರಿಗಿಡದಲ್ಲಿ ನಡೆದ ದಿನ ರಾತ್ರಿ ಮೊಣಕಾಲ ಹಿಂದೆ, ಸೊಂಟದ ಪಟ್ಟಿಯ ಜಾಗದಲ್ಲಿ ರಕ್ತ ಹೀರುವ ಉಣ್ಣೆಹುಳ ಹುಡುಕಿ ಕಿತ್ತುಹಾಕಿ. ಮತ್ತೆ, ಪೈನ್ ಸೌದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾರಿನಲ್ಲಿ ಒಯ್ಯಬೇಡಿ. ಪೋರ್ಚುಗಲ್‌ನಲ್ಲಿ 1999ರಲ್ಲಿ ಕಂಡ ಪೈನ್ ಜಂತುಹುಳ 2025ರ ನವೆಂಬರ್‌ನಲ್ಲಿ ಲಾಂದ್‌ನ ಸೆನೋಸ್‌ನಲ್ಲಿ ಪತ್ತೆಯಾಯಿತು. ಮರದ ಒಳಗಿನ ನೀರುನಾಳ ಕಟ್ಟಿ ಒಂದೇ ಬೇಸಿಗೆಯಲ್ಲಿ ಮರ ಒಣಗಿಸುವ ಹುಳ ಅದು. ಒಂದು ಜಾತಿಯ ಜೀರುಂಡೆ ಅದನ್ನು ಹೊತ್ತೊಯ್ಯುತ್ತದೆ, ಸೌದೆಯೂ ಹೊತ್ತೊಯ್ಯುತ್ತದೆ.

ಇನ್ನು ಸುಟ್ಟ ಜಾಗ. ದಿಬ್ಬದಿಂದ ದಕ್ಷಿಣಕ್ಕೆ ಬಿಸ್ಕರೋಸ್ ಕಡೆ ಹೋಗುವ ರಸ್ತೆಯ ಪಕ್ಕದ ಸೈಕಲ್ ದಾರಿ ಅದರ ನಡುವೆಯೇ ಹಾಯುತ್ತದೆ. ಇಳಿದು ದಾರಿಯಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿ. ಬೆಂಕಿಯ ಕಾವಿಗೆ ಬಾಯಿಬಿಟ್ಟ ಪೈನ್ ಕಾಯಿಗಳಿಂದ ಉದುರಿದ ಬೀಜ ಮೊಳೆತು ಸಸಿಗಳಾಗಿವೆ, ಕೆಲವೆಡೆ ಹುಲ್ಲಿನಷ್ಟು ದಟ್ಟ. ಅರ್ಬೂಸ್ ಸುಟ್ಟ ಬುಡದಿಂದಲೇ ಗೊಂಚಲು ಗೊಂಚಲಾಗಿ ಚಿಗುರಿದೆ. ಪೈನ್ ಸಸಿಯ ವಯಸ್ಸು ತಿಳಿಯಲು ಕಾಂಡದ ಸುತ್ತ ಕೊಂಬೆಗಳು ಚಕ್ರದಂತೆ ಹೊರಟ ಗಂಟುಗಳನ್ನು ಕೆಳಗಿನಿಂದ ಎಣಿಸಿ: ಸಾಮಾನ್ಯವಾಗಿ ವರ್ಷಕ್ಕೊಂದು ಸುತ್ತು, ಬೆಳವಣಿಗೆ ಚೆನ್ನಾದ ವರ್ಷ ಎರಡು. ತೀರಾ ಕೆಳಗೆ, ಮೊದಲ ವರ್ಷದ ಮೋಟು ಭಾಗದಲ್ಲಿ ಕೊಂಬೆಯೇ ಇರುವುದಿಲ್ಲ. ಎಣಿಸುವಾಗ ಹಿಂದೆ ಹೆಜ್ಜೆ ಇಡುವ ಮೊದಲು ನೋಡಿಕೊಳ್ಳಿ, ಅಲ್ಲೂ ಸಸಿ ಇರುತ್ತದೆ.